ಏಳು ಕಡೆ ಎರರ್ ನಿಭಾಯಿಸುವ ಒಂದೇ ಕೋಡ್: ಸೇರಿಸಬಹುದಾ, ಹಾಗೇ ಬಿಡಬೇಕಾ?

ಪ್ರಶ್ನೆ: ನಾನು ಒಂದು ಸಣ್ಣ ತಂಡದಲ್ಲಿ ಕೆಲಸ ಮಾಡುತ್ತೇನೆ. ಲಿನಕ್ಸ್ ಕರ್ನಲ್‌ಗಾಗಿ ಸಿ ಭಾಷೆಯಲ್ಲಿ ಬರೆದ ಒಂದು ಫೈಲ್ ಸಿಸ್ಟಮ್ ನಮ್ಮ ಜವಾಬ್ದಾರಿ. ಅದಕ್ಕೆ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಕೂಡ ಇದೆ. ಹೊಸ ಫೈಲ್, ಹೊಸ ಡೈರೆಕ್ಟರಿ, ಸಿಂಬಾಲಿಕ್ ಲಿಂಕ್, ಹಾರ್ಡ್ ಲಿಂಕ್, ರಿನೇಮ್, ಹೀಗೆ ಏಳು ಫಂಕ್ಷನ್‌ಗಳ ಕೊನೆಯಲ್ಲಿ ಸುಮಾರು ಹದಿನೈದು ಸಾಲು ಹೆಚ್ಚೂ ಕಡಿಮೆ ಒಂದೇ ತರ ಇವೆ. ಏನಾದರೂ ಸೋತರೆ ಲಾಕ್ ಬಿಡು, ಬಫರ್ (ಡಿಸ್ಕ್ ಬ್ಲಾಕ್‌ನ ಮೆಮೊರಿ ಪ್ರತಿ) ಬಿಡು, ಇನೋಡ್ (ಒಂದು ಫೈಲ್‌ನ ವಿವರ ಇಡುವ ದಾಖಲೆ) ವಾಪಸ್ ಕೊಡು, ಜರ್ನಲ್ ನಿಲ್ಲಿಸು, ಇಷ್ಟೇ. ಹೋದ ತಿಂಗಳು ನೋಡಿದರೆ ಒಂದು ಕಡೆ ಬಫರ್ ಬಿಡುವುದೇ ಮರೆತು ಹೋಗಿದೆ. ಉಳಿದ ಆರರಲ್ಲಿ ಸರಿಯಿದೆ. ಎಲ್ಲ ಸೇರಿಸಿ ಒಂದೇ ಮ್ಯಾಕ್ರೋ (ಹೆಸರು ಬರೆದ ಕಡೆ ಕೋಡ್ ತುಂಬುವ ಸೌಲಭ್ಯ) ಮಾಡೋಣ ಎಂದೆ. ತಂಡದ ಹಿರಿಯರು "ನಡೀತಿರೋ ಕೋಡ್ ಮುಟ್ಟಬೇಡಿ" ಎಂದರು. ಇನ್ನೊಬ್ಬರು "ಮೊದಲು ಆ ಗೋಟುಗಳನ್ನೆಲ್ಲ ಕಿತ್ತು ಹಾಕಿ" ಎನ್ನುತ್ತಾರೆ. (ಗೋಟು ಎಂದರೆ ಕೋಡ್‌ನಲ್ಲಿ ಹೆಸರಿಟ್ಟ ಇನ್ನೊಂದು ಜಾಗಕ್ಕೆ, ಅಂದರೆ ಲೇಬಲ್‌ಗೆ, ನೇರ ಹಾರುವ ಆಜ್ಞೆ.) ಯಾರ ಮಾತು ಸರಿ? ಎಲ್ಲಿಂದ ಶುರು ಮಾಡಲಿ?

ಉತ್ತರ:

ನಿಮ್ಮನ್ನು ಕಾಡುತ್ತಿರುವುದು ಎರಡು ಭಯ ಎಂದು ನನಗೆ ಅನ್ನಿಸಿತು. ಹಾಗೇ ಬಿಟ್ಟರೆ, ಎಂಟನೇ ಫಂಕ್ಷನ್ ಬರೆಯುವವರು ತಪ್ಪಿರುವ ಪ್ರತಿಯನ್ನೇ ಕಾಪಿ ಮಾಡಿಕೊಳ್ಳಬಹುದು. ಸೇರಿಸಲು ಹೋದರೆ, ಸರಿಯಿದ್ದ ಆರೂ ಕೆಡಬಹುದು. ಎರಡು ಭಯಕ್ಕೂ ಕಾರಣ ಇದೆ. ಫೈಲ್ ಸಿಸ್ಟಮ್‌ನಲ್ಲಿ ಇಂಥ ತಪ್ಪು ಪ್ರೋಗ್ರಾಮ್ ಮುಚ್ಚಿದ ಮೇಲೂ ಉಳಿಯುತ್ತದೆ. ಡಿಸ್ಕ್ ಮೇಲೆ ಕೂತುಬಿಡುತ್ತದೆ.

ಉಳಿದ ಮಾತಿಗೆ ಮೊದಲು ಒಂದು ಕೆಲಸ. ಆ ಬಫರ್ ಸೋರಿಕೆಯನ್ನು ಇವತ್ತೇ ಸರಿ ಮಾಡಿ, ಅದೊಂದನ್ನೇ ಒಂದು ಪ್ಯಾಚ್ ಆಗಿ ಕಳಿಸಿ. ಒಂದು ಸಾಲು ಸಾಕು. ರಿಫ್ಯಾಕ್ಟರ್ (ನಡವಳಿಕೆ ಬದಲಿಸದೆ ಕೋಡ್ ಮರುಜೋಡಿಸುವುದು) ಜೊತೆ ಅದನ್ನು ಬೆರೆಸಬೇಡಿ. ಹಳೆಯ ಆವೃತ್ತಿ ಓಡಿಸುತ್ತಿರುವವರಿಗೂ ಆ ಒಂದು ಸಾಲು ಬೇಕು. ಮುನ್ನೂರು ಸಾಲಿನ ಬದಲಾವಣೆಯೊಳಗೆ ಅದನ್ನು ಹೂತರೆ ಯಾರೂ ಅದನ್ನು ಬಿಡಿಸಿ ಹಳೆಯದಕ್ಕೆ ಒಯ್ಯಲಾರರು.

ಈಗ ಗೋಟು ವಿಷಯ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲಿ ಗೋಟು ವಿರುದ್ಧ ಬರೆದ ಪತ್ರವನ್ನು ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ಅವರು ದೂರಿದ್ದು ಮನಸ್ಸಿಗೆ ಬಂದ ಕಡೆ ಹಿಂದಕ್ಕೂ ಮುಂದಕ್ಕೂ ಹಾರುವ ಕೋಡ್ ಬಗ್ಗೆ. ಕೆಳಮುಖವಾಗಿ ಮಾತ್ರ ಹೋಗುವ, ತೆಗೆದುಕೊಂಡದ್ದನ್ನು ಉಲ್ಟಾ ಕ್ರಮದಲ್ಲಿ ಬಿಡುತ್ತಾ ಇಳಿಯುವ ಲೇಬಲ್‌ಗಳು ಬೇರೆಯೇ ಸಂಗತಿ. ಸಿ ಭಾಷೆಯಲ್ಲಿ ತಾನಾಗಿ ಓಡಿ ಹಿಡಿದದ್ದನ್ನು ಬಿಡುವ ಡಿಸ್ಟ್ರಕ್ಟರ್ ಇಲ್ಲ. ಆರನೇ ಹೆಜ್ಜೆ ಸೋತರೆ ಹಿಂದಿನ ಐದನ್ನು ನಾವೇ ಬಿಚ್ಚಬೇಕು. ಗೋಟು ಬೇಡ ಎಂದು ಇಫ್ ಒಳಗೆ ಇಫ್ ಹಾಕುತ್ತಾ ಹೋದರೆ ಕೋಡ್ ಬಲಕ್ಕೆ ಓಡುತ್ತದೆ, ಓದುವವರಿಗೆ ದಾರಿ ತಪ್ಪುತ್ತದೆ. ಲಿನಕ್ಸ್ ಕರ್ನಲ್‌ನ ಕೋಡಿಂಗ್ ಶೈಲಿಯೇ ಇದಕ್ಕೆ ಗೋಟು ಬಳಸಿ ಎನ್ನುತ್ತದೆ. ಲೇಬಲ್‌ಗೆ ಎರರ್1, ಎರರ್2 ಅಂತ ಹೆಸರಿಡದೆ, ಅದು ಏನು ಮಾಡುತ್ತದೋ ಆ ಹೆಸರಿಡಿ ಎಂದೂ ಹೇಳುತ್ತದೆ. ಎರರ್3 ಮತ್ತು ಎರರ್4 ನಡುವೆ ಹೊಸ ಹೆಜ್ಜೆ ಬಂದರೆ ಎಲ್ಲ ನಂಬರ್ ಬದಲಿಸಬೇಕಾಗುತ್ತದೆ. "ಬಫರ್ ಬಿಡು" ಎಂಬ ಹೆಸರಿದ್ದರೆ ಆ ತಲೆನೋವಿಲ್ಲ.

2014ರ ಫೆಬ್ರವರಿಯಲ್ಲಿ ಆಪಲ್ ಸಾಧನಗಳಲ್ಲಿ ಸಿಕ್ಕ "ಗೋಟು ಫೇಲ್" ದೋಷವನ್ನೂ ಗೋಟು ವಿರುದ್ಧ ಸಾಕ್ಷಿಯಾಗಿ ತರುತ್ತಾರೆ. ಅಲ್ಲಿ ಒಂದೇ ಸಾಲು ಎರಡು ಸಲ ಬಂದಿತ್ತು. ಇಫ್‌ಗೆ ಬ್ರೇಸ್ ಇರಲಿಲ್ಲ. ಹಾಗಾಗಿ ಎರಡನೇ ಸಾಲು ಯಾವಾಗಲೂ ಓಡಿ ಮುಂದಿನ ಪರೀಕ್ಷೆಗಳನ್ನು ಹಾರಿಬಿಡುತ್ತಿತ್ತು. ನನ್ನ ಗಮನ ಇನ್ನೊಂದು ಕಡೆ ಹೋಗುತ್ತದೆ. ಹಾಗೆ ಹಾರಿದಾಗ ಎರರ್ ವೇರಿಯಬಲ್‌ನಲ್ಲಿ ಸೊನ್ನೆ ಇತ್ತು. ಅಂದರೆ ಪರೀಕ್ಷೆ ಮುಗಿಯುವ ಮೊದಲೇ ಹೊರಬಂದು "ಎಲ್ಲ ಸರಿ" ಎಂದು ವರದಿ ಮಾಡಿತು. ಫೈಲ್ ಸಿಸ್ಟಮ್‌ನಲ್ಲಿ ಇದು ದಿನನಿತ್ಯದ ತಪ್ಪು. ಬಫರ್ ಸಿಗಲಿಲ್ಲ, ಲೇಬಲ್‌ಗೆ ಹಾರಿದೆವು, ಆದರೆ ಎರರ್‌ನಲ್ಲಿ ಹಿಂದಿನ ಹೆಜ್ಜೆಯ ಸೊನ್ನೆಯೇ ಉಳಿದಿದೆ. ಬಳಕೆದಾರರಿಗೆ ಫೈಲ್ ಆಯಿತು ಎಂಬ ಉತ್ತರ ಹೋಗುತ್ತದೆ, ಫೈಲ್ ಮಾತ್ರ ಇಲ್ಲ.

"ನಡೀತಿರೋ ಕೋಡ್ ಮುಟ್ಟಬೇಡಿ" ಎಂಬ ಮಾತಿನಲ್ಲಿ ಅನುಭವ ಇದೆ. ಆದರೆ ಎರರ್ ದಾರಿ, ಅಂದರೆ ಏನಾದರೂ ಸೋತಾಗ ಓಡುವ ಕೋಡ್, ನಿಜಕ್ಕೂ "ನಡೀತಿದೆ" ಎಂದು ಯಾರಿಗೆ ಗೊತ್ತು? ಅದು ಓಡುವುದೇ ಅಪರೂಪ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಲಿನಕ್ಸ್‌ನ ಫೈಲ್ ಸಿಸ್ಟಮ್‌ಗಳು ಮತ್ತು ಸ್ಟೋರೇಜ್ ಡ್ರೈವರ್‌ಗಳನ್ನು ಜಾಲಾಡಿದರು. ಎರರ್ ಕೋಡ್ ಹಾದು ಬರುವ 9,022 ಫಂಕ್ಷನ್ ಕರೆಗಳಲ್ಲಿ 1,153 ಕಡೆ, ಅಂದರೆ ಸುಮಾರು 13% ಕಡೆ, ಕೆಳಗಿನಿಂದ ಬಂದ ಎರರನ್ನು ಸರಿಯಾಗಿ ಉಳಿಸಿಕೊಂಡಿರಲಿಲ್ಲ. ಹಾಗಾಗಿ ನಿಮ್ಮ ಏಳರಲ್ಲಿ ಒಂದು ಕೆಟ್ಟಿದೆ ಎಂದರೆ ನನಗೆ ಆಶ್ಚರ್ಯ ಇಲ್ಲ. ಉಳಿದ ಆರು ನಿಜಕ್ಕೂ ಸರಿಯಿವೆಯೇ ಎಂದೇ ನಾನು ಕೇಳುತ್ತೇನೆ.

ಇಂಥ ಪುನರಾವರ್ತನೆ ಯಾಕೆ ಬರುತ್ತದೆ ಎನ್ನುವುದಕ್ಕೆ ದೊಡ್ಡ ರಹಸ್ಯವಿಲ್ಲ. ಮೊದಲು ಫೈಲ್ ಸೃಷ್ಟಿಸುವ ಫಂಕ್ಷನ್ ಬರೆದಿರುತ್ತಾರೆ. ಡೈರೆಕ್ಟರಿಗೆ ಅದನ್ನೇ ಕಾಪಿ ಮಾಡಿ ನಾಲ್ಕು ಸಾಲು ಬದಲಿಸುತ್ತಾರೆ. ಆಮೇಲೆ ಕೋಟಾ ಬರುತ್ತದೆ, ಎಸಿಎಲ್ (ಯಾರಿಗೆ ಏನು ಅನುಮತಿ ಎಂಬ ಪಟ್ಟಿ) ಬರುತ್ತದೆ, ಎನ್‌ಕ್ರಿಪ್ಷನ್ ಬರುತ್ತದೆ. ಪ್ರತಿಯೊಂದೂ ಒಂದು ಹೊಸ ಹೆಜ್ಜೆ, ಅದಕ್ಕೊಂದು ಹೊಸ ಬಿಚ್ಚುವಿಕೆ. ಏಳರಲ್ಲಿ ಐದಕ್ಕೆ ಸೇರಿಸುತ್ತಾರೆ, ಎರಡು ಮರೆತು ಹೋಗುತ್ತವೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಹದಿನೈದು ಸಾಲು ಒಂದೇ ಕೆಲಸ ಮಾಡುತ್ತಿಲ್ಲ. ಅವುಗಳೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಮೆಮೊರಿಯಲ್ಲಿ ಹಿಡಿದದ್ದನ್ನು ಬಿಡುವುದು ಒಂದು. ಡಿಸ್ಕಿಗೆ ಹೋಗುವ ಸ್ಥಿತಿಯನ್ನು ಹಿಂದಕ್ಕೆ ತರುವುದು ಇನ್ನೊಂದು. ಸೋಲು ಎಲ್ಲಿ ಆಯಿತು ಎಂದು ದಾಖಲಿಸುವುದು ಮೂರನೆಯದು. ಮುಂದೇನು ಎಂದು ತೀರ್ಮಾನಿಸುವುದು ನಾಲ್ಕನೆಯದು: ಮತ್ತೆ ಪ್ರಯತ್ನಿಸಬೇಕೋ, ಎರರ್ ಹಿಂತಿರುಗಿಸಬೇಕೋ, ಫೈಲ್ ಸಿಸ್ಟಮನ್ನೇ ರೀಡ್-ಓನ್ಲಿ ಮಾಡಬೇಕೋ. ಒಂದೇ ತರ ಕಾಣುವ ಸಾಲುಗಳಲ್ಲಿ ಈ ನಾಲ್ಕೂ ಬೆರೆತಿರುತ್ತವೆ. ಮೊದಲನೆಯದನ್ನು ಧೈರ್ಯವಾಗಿ ಸೇರಿಸಬಹುದು. ಉಳಿದ ಮೂರರಲ್ಲಿ ಕೈ ಹಾಕುವ ಮುಂಚೆ ಯೋಚಿಸಬೇಕು.

ಡಿಸ್ಕ್ ಸ್ಥಿತಿಯ ಒಂದು ಉದಾಹರಣೆ ನನ್ನ ಅನುಭವದ್ದೇ. ಕೆಲವು ವರ್ಷಗಳ ಹಿಂದೆ ಒಂದು ಫೈಲ್ ಸಿಸ್ಟಮ್‌ನಲ್ಲಿ ಫೈಲ್ ಸೃಷ್ಟಿ ಮತ್ತು ಡೈರೆಕ್ಟರಿ ಸೃಷ್ಟಿಯ ಎರರ್ ದಾರಿಗಳನ್ನು ಒಂದು ಹೆಲ್ಪರ್‌ಗೆ (ಸಹಾಯಕ ಫಂಕ್ಷನ್‌ಗೆ) ಸೇರಿಸಿದೆ. ಎರಡರಲ್ಲೂ ಲಿಂಕ್ ಎಣಿಕೆ (ಆ ಇನೋಡನ್ನು ಎಷ್ಟು ಹೆಸರು ತೋರಿಸುತ್ತವೆ ಎಂಬ ಲೆಕ್ಕ) ಇಳಿಸು, ಇನೋಡನ್ನು ಅನಾಥ ಪಟ್ಟಿಗೆ (ಅಳಿಸಬೇಕಾದವುಗಳ ಪಟ್ಟಿಗೆ) ಹಾಕು, ಲಾಕ್ ತೆಗೆ ಎಂದೇ ಇತ್ತು. ಒಂದರಲ್ಲಿ ಡ್ರಾಪ್-ಎನ್‌ಲಿಂಕ್ (ಎಣಿಕೆಯನ್ನು ಒಂದು ಇಳಿಸುವುದು), ಇನ್ನೊಂದರಲ್ಲಿ ಕ್ಲಿಯರ್-ಎನ್‌ಲಿಂಕ್ (ನೇರ ಸೊನ್ನೆ ಮಾಡುವುದು) ಇದ್ದದ್ದನ್ನು ಬರೆದವರ ಅಭ್ಯಾಸದ ವ್ಯತ್ಯಾಸ ಎಂದುಕೊಂಡೆ. ಡ್ರಾಪ್ ಒಂದೇ ಉಳಿಸಿದೆ. ಹೊಸ ಫೈಲ್‌ಗೆ ಲಿಂಕ್ ಎಣಿಕೆ 1. ಹೊಸ ಡೈರೆಕ್ಟರಿಗೆ 2, ಯಾಕೆಂದರೆ ಅದರೊಳಗಿನ ಚುಕ್ಕಿ (.) ಎಂಬ ನಮೂದು ಕೂಡ ಅದನ್ನೇ ತೋರಿಸುತ್ತದೆ. ಒಂದು ಇಳಿಸಿದರೆ ಇನ್ನೂ 1 ಉಳಿಯಿತು. ಇನೋಡ್ ಅಳಿಯಲೇ ಇಲ್ಲ. ಡಿಸ್ಕ್ ತುಂಬಿದ ಹೊತ್ತಿನಲ್ಲಿ ಡೈರೆಕ್ಟರಿ ಮಾಡಲು ಹೋದಾಗಲೆಲ್ಲ ಸ್ವಲ್ಪ ಜಾಗ ಕಾಣೆಯಾಗುತ್ತಿತ್ತು. ಜನ ಫೈಲ್ ಅಳಿಸಿದರೂ ಆ ಜಾಗ ವಾಪಸ್ ಬರಲಿಲ್ಲ. ಫೈಲ್ ಸಿಸ್ಟಮ್ ಪರೀಕ್ಷಿಸುವ ಫ್‌ಸ್ಕ್ ಓಡಿಸಿದಾಗಲೇ ಅದು ಹೊರಬಂತು. ಆ ಒಂದು ಪದದ ವ್ಯತ್ಯಾಸಕ್ಕಾಗಿ ಬೇರೆಯವರು ರಾತ್ರಿಗಟ್ಟಲೆ ಹುಡುಕಿದರು. ಅದನ್ನು ನಾನು ಮರೆತಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಕೋಡ್ ತೆರೆದು ನೋಡಿ. ಅಲ್ಲೂ ಫೈಲ್ ದಾರಿಯಲ್ಲಿ ಡ್ರಾಪ್ ಇದೆ, ಡೈರೆಕ್ಟರಿ ದಾರಿಯಲ್ಲಿ ಕ್ಲಿಯರ್ ಇದೆ. ಅದು ಬೇಕೆಂದೇ ಇಟ್ಟದ್ದು.

ದಾಖಲಿಸುವ ಕೆಲಸವನ್ನು ಸೇರಿಸಿದಾಗ ಆಗುವ ನಷ್ಟ ತಕ್ಷಣ ಕಾಣುವುದಿಲ್ಲ. ಇಎಕ್ಸ್‌ಟಿ4 ತನ್ನ ಸೂಪರ್‌ಬ್ಲಾಕ್‌ನಲ್ಲಿ (ಇಡೀ ಫೈಲ್ ಸಿಸ್ಟಮ್‌ನ ವಿವರ ಇಡುವ ಬ್ಲಾಕ್‌ನಲ್ಲಿ) ಮೊದಲ ಎರರ್ ಮತ್ತು ಕೊನೆಯ ಎರರ್ ಯಾವ ಫಂಕ್ಷನ್‌ನ ಎಷ್ಟನೇ ಸಾಲಿನಲ್ಲಿ ಆಯಿತು ಎಂದು ಬರೆದಿಡುತ್ತದೆ. ಗ್ರಾಹಕರ ಡಿಸ್ಕ್ ಹಾಳಾಗಿ ನಿಮ್ಮ ಕೈಗೆ ಬಂದಾಗ ಹಲವು ಸಲ ಅದೊಂದೇ ಸುಳಿವು. ಎಲ್ಲರೂ ಒಂದೇ ಹೆಲ್ಪರ್ ಕರೆದು, ಆ ಹೆಲ್ಪರ್ ಒಳಗಿಂದ ಎರರ್ ಬರೆದರೆ, ಎಲ್ಲ ಡಿಸ್ಕ್‌ಗಳೂ ಒಂದೇ ಫಂಕ್ಷನ್, ಒಂದೇ ಸಾಲು ತೋರಿಸುತ್ತವೆ. ಸುಳಿವು ಸತ್ತಂತೆ. ಇಎಕ್ಸ್‌ಟಿ4 ಇದಕ್ಕೆ ಮಾಡಿದ ಉಪಾಯ ಚೆನ್ನಾಗಿದೆ. ಕರೆಯುವ ಜಾಗದ ಫಂಕ್ಷನ್ ಹೆಸರು ಮತ್ತು ಸಾಲಿನ ನಂಬರನ್ನು ಒಂದು ತೆಳು ಮ್ಯಾಕ್ರೋ ಹಿಡಿದು ನಿಜವಾದ ಫಂಕ್ಷನ್‌ಗೆ ದಾಟಿಸುತ್ತದೆ. ಇನ್ನೊಂದು ಫೈಲ್ ಸಿಸ್ಟಮ್ ಆದ ಬಿಟಿಆರ್‌ಎಫ್‌ಎಸ್ ಇನ್ನೂ ಮುಂದೆ ಹೋಗುತ್ತದೆ. ಟ್ರಾನ್ಸಾಕ್ಷನ್ (ಒಟ್ಟಿಗೆ ಆಗಬೇಕಾದ ಬದಲಾವಣೆಗಳ ಗುಂಪು) ಅಬಾರ್ಟ್ ಮಾಡುವ, ಅಂದರೆ ಅರ್ಧಕ್ಕೇ ಕೈಬಿಡುವ, ಕರೆಯನ್ನು ಸೋತ ಜಾಗದಲ್ಲೇ, ಸೋತ ಕೂಡಲೇ ಇಡುವುದು ಅಲ್ಲಿನ ಪದ್ಧತಿ. ಒಂದೇ ಫಂಕ್ಷನ್‌ನಲ್ಲಿ ಅದು ಐದು ಸಲ ಬರಬಹುದು. ಹೊಸಬರು ನೋಡಿದ ತಕ್ಷಣ "ಇದನ್ನು ಒಂದು ಲೇಬಲ್‌ಗೆ ತರೋಣ" ಎನ್ನುತ್ತಾರೆ. ತಂದರೆ ಐದರಲ್ಲಿ ಯಾವುದು ಸೋತಿತು ಎಂದು ಲಾಗ್ ಹೇಳುವುದಿಲ್ಲ. ಇಂಥ ಪುನರಾವರ್ತನೆಯನ್ನು ಉಳಿಸಿಕೊಳ್ಳಿ.

ತೀರ್ಮಾನದ ಭಾಗ ಎಲ್ಲಕ್ಕಿಂತ ಸೂಕ್ಷ್ಮ. ಎರರ್ ನಂಬರ್ ಒಂದೇ ಆದರೂ ಅರ್ಥ ಒಂದೇ ಅಲ್ಲ. ಡಿಸ್ಕ್ ತುಂಬಿದೆ ಎನ್ನುವ ಇನೋಸ್ಪೇಸ್ ಸಾಮಾನ್ಯ ಸಂಗತಿ. ಇಎಕ್ಸ್‌ಟಿ4 ಆಗ ಜರ್ನಲ್ ಕಮಿಟ್ ಆದರೆ ಸ್ವಲ್ಪ ಜಾಗ ಸಿಗಬಹುದು ಎಂದು ಮತ್ತೆ ಪ್ರಯತ್ನಿಸುತ್ತದೆ. ಆದರೆ ಟ್ರಾನ್ಸಾಕ್ಷನ್ ಒಳಗೆ ಅರ್ಧ ಬದಲಾವಣೆ ಮಾಡಿ, ಹಿಂದಕ್ಕೆ ಹೋಗಲಾಗದ ಹೆಜ್ಜೆಯಲ್ಲಿ ಅದೇ ಇನೋಸ್ಪೇಸ್ ಬಂದರೆ ಟ್ರಾನ್ಸಾಕ್ಷನ್ ಅಬಾರ್ಟ್ ಮಾಡುವುದೇ ದಾರಿ. ಮೈನಸ್ ನಂಬರ್ (ಕರ್ನಲ್‌ನಲ್ಲಿ ಎರರ್ ಬರುವುದು ಹೀಗೆ) ಬಂದರೆ ಅಬಾರ್ಟ್ ಎಂದು ಸುಮ್ನೆ ಒಂದು ಹೆಲ್ಪರ್ ಬರೆದರೆ ಏನಾಗುತ್ತದೆ? ಡಿಸ್ಕ್ ತುಂಬಿದ್ದಕ್ಕೆ ಇಡೀ ಫೈಲ್ ಸಿಸ್ಟಮ್ ರೀಡ್-ಓನ್ಲಿ ಆಗುತ್ತದೆ. ಎಲ್ಲಕ್ಕೂ ಮರುಪ್ರಯತ್ನ ಎಂದು ಬರೆದರೂ ಅಪಾಯ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು ಎಫ್‌ಸಿಂಕ್ (ಡೇಟಾವನ್ನು ಡಿಸ್ಕಿಗೆ ಬರೆಸುವ ಕರೆ) ವಿಷಯದಲ್ಲಿ ಇದನ್ನು ಕಂಡುಕೊಂಡರು. ಬರೆಯುವುದು ಸೋತ ಪುಟವನ್ನು ಲಿನಕ್ಸ್ "ಬರೆದಾಯಿತು" ಎಂಬಂತೆ ಗುರುತು ಹಾಕುತ್ತಿತ್ತು. ಎರಡನೇ ಸಲ ಎಫ್‌ಸಿಂಕ್ ಕರೆದರೆ ಯಶಸ್ಸು ಎನ್ನುತ್ತಿತ್ತು, ಡೇಟಾ ಮಾತ್ರ ಡಿಸ್ಕಿಗೆ ಹೋಗಿರಲಿಲ್ಲ. ಮಾರನೇ ವರ್ಷ ಪೋಸ್ಟ್‌ಗ್ರೆಸ್ ತನ್ನ ನಡವಳಿಕೆಯನ್ನೇ ಬದಲಿಸಿತು. ಎಫ್‌ಸಿಂಕ್ ಸೋತರೆ ಮತ್ತೆ ಪ್ರಯತ್ನಿಸದೆ ಡೇಟಾಬೇಸ್ ನಿಲ್ಲಿಸಿ, ಲಾಗ್‌ನಿಂದ ಚೇತರಿಸಿಕೊಳ್ಳುವುದು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು?

ನನಗೆ ಇಷ್ಟವಾದದ್ದು ಫಂಕ್ಷನ್ನನ್ನು ಎರಡಾಗಿ ಸೀಳುವುದು. ಹೊರಗಿನ ಫಂಕ್ಷನ್ ಜರ್ನಲ್ ಶುರು ಮಾಡುತ್ತದೆ, ಲಾಕ್ ಹಿಡಿಯುತ್ತದೆ, ಒಳಗಿನದನ್ನು ಕರೆಯುತ್ತದೆ, ಬಿಚ್ಚುತ್ತದೆ. ಒಳಗಿನದು ನಿಜವಾದ ಕೆಲಸ ಮಾಡುತ್ತದೆ, ಸೋತರೆ ಅಲ್ಲಿಂದಲೇ ರಿಟರ್ನ್ ಆಗುತ್ತದೆ. ಬಿಚ್ಚುವ ಕೋಡ್ ಒಂದೇ ಕಡೆ ಇರುತ್ತದೆ, ಕ್ರಮವೂ ಕಣ್ಣಿಗೆ ಕಾಣುತ್ತದೆ. ಹೊಸ ಭಾಷಾ ಸೌಲಭ್ಯ ಏನೂ ಬೇಡ. ಅಪಾಯ ಕಡಿಮೆ. ಒಳಗಿನದಕ್ಕೆ ಏಳೆಂಟು ಆರ್ಗ್ಯುಮೆಂಟ್ ದಾಟಿಸಬೇಕಾಗಿ ಬಂದರೆ ಮಾತ್ರ ಸೀಳಿದ ಜಾಗ ತಪ್ಪಿದೆ ಎಂದರ್ಥ.

ಎರಡನೆಯದು ಜೋಡಿ ಕೆಲಸಗಳಿಗೆ ಸಣ್ಣ ಹೆಲ್ಪರ್. ಇದರ ಒಳ್ಳೆಯ ಉದಾಹರಣೆ ಕರ್ನಲ್‌ನಲ್ಲೇ ಇದೆ. ಹೊಸ ಇನೋಡ್ ಸೋತಾಗ ಬೇಕಾದಷ್ಟು ಫೈಲ್ ಸಿಸ್ಟಮ್‌ಗಳು ಮೊದಲು ಅದರ ಲಾಕ್ ತೆಗೆದು, ಆಮೇಲೆ ಐಪುಟ್ (ಇನೋಡ್ ವಾಪಸ್ ಕೊಡುವ ಕರೆ) ಮಾಡುತ್ತಿದ್ದವು. ಆ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಬೇರೆಯವರು ಅರ್ಧಂಬರ್ಧ ಇನೋಡನ್ನು ಹಿಡಿದುಕೊಳ್ಳಬಹುದಿತ್ತು. ಡಿಸ್ಕಾರ್ಡ್-ನ್ಯೂ-ಇನೋಡ್ ಎಂಬ ಒಂದೇ ಫಂಕ್ಷನ್ ಬಂದ ಮೇಲೆ ಆ ಸಂದಿ ಮುಚ್ಚಿತು. ಇಲ್ಲಿ ಸೇರಿಸಿದ್ದರಿಂದ ಸಾಲು ಉಳಿಯಿತು ಎನ್ನುವುದಕ್ಕಿಂತ, ಹಲವು ಕಡೆ ಹರಡಿದ್ದ ಒಂದೇ ತಪ್ಪು ಒಂದೇ ಜಾಗದಲ್ಲಿ ಸರಿಯಾಯಿತು. ನಿಮ್ಮ ಹೆಲ್ಪರ್‌ಗೂ ಹೀಗೆ ಒಂದು ಕಾರಣ ಹೇಳಲು ಬರಬೇಕು.

ಎಲ್ಲವನ್ನೂ ಒಂದೇ ಲೇಬಲ್‌ಗೆ ತಂದು, ಇದ್ದರೆ ಬಿಡು ಇಲ್ಲದಿದ್ದರೆ ಬೇಡ ಎನ್ನುವುದು ಮೂರನೇ ದಾರಿ. ಬಿ-ರಿಲೀಸ್ (ಬಫರ್ ಬಿಡುವ ಕರೆ), ಕೆ-ಫ್ರೀ (ಮೆಮೊರಿ ಬಿಡುವ ಕರೆ), ಐಪುಟ್ ಮೂರೂ ನಲ್ (ಖಾಲಿ) ಪಾಯಿಂಟರ್ ಕೊಟ್ಟರೆ ಸುಮ್ಮನಿರುತ್ತವೆ. ಆದರೆ ಕರ್ನಲ್‌ನಲ್ಲಿ ಪಾಯಿಂಟರ್ ಒಳಗೇ ಎರರ್ ನಂಬರ್ ತುರುಕುವ ರೂಢಿ ಇದೆ. ವಿಳಾಸಗಳ ಕೊನೆಯ 4095 ಅದಕ್ಕೇ ಮೀಸಲು. ಬಫರ್ ಓದುವ ಒಂದು ಫಂಕ್ಷನ್ ಸೋತರೆ ನಲ್ ಕೊಡುತ್ತದೆ, ಇನ್ನೊಂದು ಎರರ್ ಪಾಯಿಂಟರ್ ಕೊಡುತ್ತದೆ. ಆ ಎರರ್ ಪಾಯಿಂಟರ್ ಒಟ್ಟು ಲೇಬಲ್‌ನ ಬಿ-ರಿಲೀಸ್‌ಗೆ ಹೋದರೆ ಕರ್ನಲ್ ಊಪ್ಸ್ (ಕರ್ನಲ್ ಒಳಗಿನ ಗಂಭೀರ ದೋಷ) ಖಚಿತ. ಈ ದಾರಿ ಹಿಡಿದರೆ ಸೋತ ಕೂಡಲೇ ಎರರ್ ನಂಬರ್ ತೆಗೆದಿಟ್ಟು ಪಾಯಿಂಟರನ್ನು ನಲ್ ಮಾಡಿ.

ಇನ್ನು ತಾನಾಗಿ ಬಿಚ್ಚುವ ಸೌಲಭ್ಯ. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳ ಕ್ಲೀನಪ್ ಆಟ್ರಿಬ್ಯೂಟ್ ಬಳಸಿ 2023ರಲ್ಲಿ ಕರ್ನಲ್ 6.5ಕ್ಕೆ ಗಾರ್ಡ್ ಮತ್ತು ಫ್ರೀ ಸಹಾಯಕಗಳು ಬಂದವು. ವೇರಿಯಬಲ್ ವ್ಯಾಪ್ತಿ ಮುಗಿದಾಗ ಲಾಕ್ ತಾನೇ ಬಿಡುತ್ತದೆ. ಮ್ಯೂಟೆಕ್ಸ್ (ಒಂದು ಬಗೆಯ ಲಾಕ್), ತಾತ್ಕಾಲಿಕ ಮೆಮೊರಿ, ಇವಕ್ಕೆ ನಾನು ಖುಷಿಯಿಂದ ಬಳಸುತ್ತೇನೆ. ಒಂದೇ ಫಂಕ್ಷನ್‌ನಲ್ಲಿ ಇದನ್ನೂ ಗೋಟುವನ್ನೂ ಬೆರೆಸಬೇಡಿ ಎಂದು ಕರ್ನಲ್ ದಾಖಲೆಯೇ ಹೇಳುತ್ತದೆ. ಬಿಚ್ಚುವ ಕ್ರಮ ವೇರಿಯಬಲ್ ಘೋಷಿಸಿದ ಕ್ರಮದ ಉಲ್ಟಾ, ನೀವು ಹಿಡಿದ ಕ್ರಮದ ಉಲ್ಟಾ ಅಲ್ಲ. ಹಳೆಯ ಅಭ್ಯಾಸದಂತೆ ಎಲ್ಲವನ್ನೂ ಮೇಲೆ ನಲ್ ಎಂದು ಘೋಷಿಸಿಟ್ಟರೆ ಲಾಕ್ ಬಿಟ್ಟ ಮೇಲೆ, ಅದರ ರಕ್ಷಣೆ ಬೇಕಿದ್ದ ವಸ್ತು ಬಿಡುಗಡೆ ಆಗಬಹುದು.

ಜರ್ನಲ್‌ಗೆ ಮಾತ್ರ ಈ ಸೌಲಭ್ಯ ಬಳಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜರ್ನಲ್ ನಿಲ್ಲಿಸುವ ಕರೆಯೂ ಸೋಲಬಹುದು, ಅದೂ ಎರರ್ ಹಿಂತಿರುಗಿಸುತ್ತದೆ. ತಾನಾಗಿ ಓಡುವ ಕ್ಲೀನಪ್‌ಗೆ ಆ ಎರರನ್ನು ಕರೆದವರಿಗೆ ಮುಟ್ಟಿಸುವ ದಾರಿಯಿಲ್ಲ. ಇಎಕ್ಸ್‌ಟಿ4ನಲ್ಲಿ ಇದಕ್ಕೊಂದು ಪುಟ್ಟ ರೂಢಿ ಇದೆ: ನಿಲ್ಲಿಸುವಾಗ ಬಂದ ಎರರನ್ನು ಬೇರೆ ವೇರಿಯಬಲ್‌ನಲ್ಲಿ ಹಿಡಿ, ಮೊದಲೇ ಎರರ್ ಇದ್ದರೆ ಅದನ್ನೇ ಉಳಿಸು, ಇಲ್ಲದಿದ್ದರೆ ಇದನ್ನು ಕೊಡು. ಮೊದಲು ಬಂದ ಎರರೇ ಮೂಲ ಕಾರಣಕ್ಕೆ ಹತ್ತಿರ, ಅಲ್ವಾ? ಆ ಎರಡು ಸಾಲು ಏಳು ಕಡೆ ಇದ್ದರೂ ಇರಲಿ.

ನೀವು ಕೇಳಿದ ಮ್ಯಾಕ್ರೋ ಬಗ್ಗೆ: ಒಳಗೆ ರಿಟರ್ನ್ ಅಥವಾ ಗೋಟು ಅಡಗಿಸಿದ ಮ್ಯಾಕ್ರೋ ಬೇಡ. ಓದುವವರಿಗೆ ಸಾಮಾನ್ಯ ಕರೆಯಂತೆ ಕಾಣುತ್ತದೆ, ಆದರೆ ಅಲ್ಲಿಂದ ಫಂಕ್ಷನ್ ಮುಗಿದೇ ಹೋಗುತ್ತದೆ. ನಾಳೆ ಯಾರೋ ಅದಕ್ಕಿಂತ ಮೇಲೆ ಒಂದು ಲಾಕ್ ಸೇರಿಸಿದರೆ ಅದು ಸೋರುವುದು ರಿವ್ಯೂನಲ್ಲಿ ಕಾಣುವುದಿಲ್ಲ.

ಶುರು ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಏಳು ಫಂಕ್ಷನ್‌ಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಸೋಲಿನ ಜಾಗದಲ್ಲಿ ಆ ಹೊತ್ತಿಗೆ ಏನೇನು ಕೈಯಲ್ಲಿದೆ, ಯಾವ ಕ್ರಮದಲ್ಲಿ ಬಿಡುತ್ತಿದ್ದಾರೆ, ಯಾವ ಎರರ್ ಹೋಗುತ್ತಿದೆ ಎಂದು ತುಂಬಿ. ಬೇಜಾರಿನ ಕೆಲಸ, ಎರಡು ದಿನ ಹಿಡಿಯಬಹುದು. ಆದರೆ ವ್ಯತ್ಯಾಸಗಳೆಲ್ಲ ಅಲ್ಲೇ ಎದ್ದು ಕಾಣುತ್ತವೆ. ಪ್ರತಿ ವ್ಯತ್ಯಾಸಕ್ಕೂ ಇದು ತಪ್ಪೋ, ಬೇಕೆಂದೇ ಮಾಡಿದ್ದೋ ಎಂದು ಕೇಳಿ. ಗಿಟ್ ಇತಿಹಾಸದಲ್ಲಿ ಆ ಸಾಲು ಯಾಕೆ ಬಂತು ಎಂದು ಹುಡುಕಿ. ನಿಮ್ಮ ಹಿರಿಯರು ಇಲ್ಲಿ ಬೇಕಾಗುತ್ತಾರೆ. "ಮುಟ್ಟಬೇಡಿ" ಎನ್ನುವವರಿಗೆ ಸಾಮಾನ್ಯವಾಗಿ ಯಾವ ಸಾಲು ಯಾವ ನೋವಿನಿಂದ ಬಂತು ಎಂದು ಗೊತ್ತಿರುತ್ತದೆ. ಆ ಹಾಳೆ ಹಿಡಿದು ಅವರ ಪಕ್ಕ ಕೂತುಕೊಳ್ಳಿ.

ಕ್ರಮದ ಕಡೆ ವಿಶೇಷ ಗಮನ ಇರಲಿ. ಇಎಕ್ಸ್‌ಟಿ4 ಫೈಲ್ ಸೃಷ್ಟಿಯಲ್ಲಿ ಮೊದಲು ಜರ್ನಲ್ ನಿಲ್ಲಿಸಿ, ಆಮೇಲೆ ಐಪುಟ್ ಮಾಡುತ್ತಾರೆ. ಕೊನೆಯ ಐಪುಟ್ ಇನೋಡ್ ಅಳಿಸುವ ಕೆಲಸಕ್ಕೇ ಇಳಿಯಬಹುದು, ಅದಕ್ಕೆ ತನ್ನದೇ ಟ್ರಾನ್ಸಾಕ್ಷನ್ ಬೇಕು. ನೋಡಲು ಚೆಂದ ಎಂದು ಆ ಎರಡು ಸಾಲು ಅದಲು ಬದಲು ಮಾಡಬೇಡಿ.

ಆಮೇಲೆ ಒಂದು ಪ್ಯಾಚ್‌ಗೆ ಒಂದೇ ಫಂಕ್ಷನ್. ಸಿಕ್ಕ ತಪ್ಪುಗಳ ಪ್ಯಾಚ್ ಮೊದಲು, ನಡವಳಿಕೆ ಬದಲಿಸದ ರಿಫ್ಯಾಕ್ಟರ್ ನಂತರ. ನಾಳೆ ಏನಾದರೂ ಕೆಟ್ಟರೆ ಬೈಸೆಕ್ಟ್ ಮಾಡಿದಾಗ (ಯಾವ ಪ್ಯಾಚ್‌ನಿಂದ ಕೆಟ್ಟಿತು ಎಂದು ಅರ್ಧರ್ಧ ಮಾಡಿ ಹುಡುಕಿದಾಗ) ನೇರ ಆ ಫಂಕ್ಷನ್ ಮೇಲೆ ಬಂದು ನಿಲ್ಲುತ್ತೀರಿ.

ಪರೀಕ್ಷೆ ಇಲ್ಲದೆ ಒಂದು ಪ್ಯಾಚ್ ಕೂಡ ಕಳಿಸಬೇಡಿ. ಕರ್ನಲ್‌ನಲ್ಲಿ ಬೇಕೆಂದೇ ಸೋಲು ತರುವ ಫಾಲ್ಟ್ ಇಂಜೆಕ್ಷನ್ ಇದೆ. ಪ್ರೊಕ್ ಅಡಿಯ ಫೇಲ್-ಎನ್ತ್ ಎಂಬ ಕಡತಕ್ಕೆ 1 ಎಂದು ಬರೆದರೆ ಆ ಪ್ರಕ್ರಿಯೆಯ ಮೊದಲ ಮೆಮೊರಿ ಕೋರಿಕೆ ಸೋಲುತ್ತದೆ, 2 ಎಂದರೆ ಎರಡನೆಯದು. ಸೋಲು ಬಿದ್ದಿದ್ದರೆ ಆ ಕಡತ ಓದಿದಾಗ ಸೊನ್ನೆ ಬರುತ್ತದೆ. ಸೊನ್ನೆ ಬರುತ್ತಿರುವ ತನಕ ನಂಬರ್ ಏರಿಸುತ್ತಾ ಡೈರೆಕ್ಟರಿ ಸೃಷ್ಟಿ ಕರೆಯುತ್ತಾ ಹೋಗಿ. ಒಂದೊಂದೇ ಎರರ್ ದಾರಿ ಓಡುತ್ತದೆ. ಒಂದು ಎಚ್ಚರಿಕೆ: ಇಗ್ನೋರ್-ಜಿಎಫ್‌ಪಿ-ವೇಟ್ ಎಂಬ ಆಯ್ಕೆ ಮೊದಲಿಗೆ ಆನ್ ಇರುತ್ತದೆ. ಆಗ ಕಾಯಬಲ್ಲ ಕೋರಿಕೆಗಳು ಸೋಲುವುದೇ ಇಲ್ಲ. ಫೈಲ್ ಸಿಸ್ಟಮ್‌ನ ಕೋರಿಕೆಗಳು ಜಾಸ್ತಿ ಆ ಬಗೆಯವೇ. ಅದನ್ನು ಆಫ್ ಮಾಡದಿದ್ದರೆ ಏನೂ ಪರೀಕ್ಷಿಸದೆ ಎಲ್ಲ ಪಾಸ್ ಎಂದು ತೋರುತ್ತದೆ. ಡಿಸ್ಕ್ ಎರರ್‌ಗೆ ಬೇಕೆಂದೇ ಕೈಕೊಡುವ ನಕಲಿ ಡಿಸ್ಕ್‌ಗಳಾದ ಡಿಎಂ-ಫ್ಲೇಕಿ ಮತ್ತು ಡಿಎಂ-ಎರರ್ ಇವೆ. ಜೊತೆಗೆ ಲಾಕ್‌ಡೆಪ್ (ಲಾಕ್ ತಪ್ಪು ಹಿಡಿಯುವುದು) ಮತ್ತು ಕೆಮೆಮ್‌ಲೀಕ್ (ಮೆಮೊರಿ ಸೋರಿಕೆ ಹಿಡಿಯುವುದು) ಆನ್ ಇರಲಿ. ಪ್ರತಿ ಸುತ್ತಿನ ನಂತರ ಅನ್‌ಮೌಂಟ್ ಮಾಡಿ ಫ್‌ಸ್ಕ್ ಓಡಿಸಿ. ಅನ್‌ಮೌಂಟ್ ಆದ ಮೇಲೂ ಇನೋಡ್‌ಗಳು ಬಳಕೆಯಲ್ಲಿವೆ ಎಂಬ ಸಂದೇಶ ಕರ್ನಲ್ ಲಾಗ್‌ನಲ್ಲಿ ಬಂದರೆ ಎಲ್ಲೋ ಒಂದು ಐಪುಟ್ ತಪ್ಪಿಹೋಗಿದೆ. ಇದೇ ಪರೀಕ್ಷೆಯನ್ನು ಹಳೆಯ ಕೋಡ್ ಮೇಲೂ ಓಡಿಸಿಟ್ಟುಕೊಳ್ಳಿ. ಸರಿಯಿವೆ ಎಂದು ನೀವು ನಂಬಿರುವ ಆರರ ಗತಿ ಅಲ್ಲೇ ಗೊತ್ತಾಗುತ್ತದೆ.

ಕೊನೆಯದಾಗಿ, ರಿನೇಮ್ ಫಂಕ್ಷನ್ನನ್ನು ಈ ಗುಂಪಿನಿಂದ ಹೊರಗಿಡಿ. ಅದರಲ್ಲಿ ಎರಡು ಡೈರೆಕ್ಟರಿ, ಎರಡು ಇನೋಡ್ ತನಕ ಕೈಯಲ್ಲಿರುತ್ತವೆ. ಹಳೆಯ ಹೆಸರು ಅಳಿಸುವುದು ಸೋತರೆ ಹೊಸ ಹೆಸರಿನ ನಮೂದನ್ನು ಹಿಂದಿನಂತೆ ಮಾಡಬೇಕು. ಉಳಿದ ಆರಕ್ಕೆ ಹೊಂದುವ ಹೆಲ್ಪರ್ ಅದಕ್ಕೆ ಹೊಂದುವುದಿಲ್ಲ. ಹೊಂದಿಸಲು ಹೋದರೆ ಹೆಲ್ಪರ್‌ಗೆ ಫ್ಲ್ಯಾಗ್ ಮೇಲೆ ಫ್ಲ್ಯಾಗ್ ಸೇರುತ್ತದೆ. ಅದರ ಉದ್ದ ಲೇಬಲ್ ಏಣಿ ಹಾಗೇ ಇರಲಿ. ಯಾಕೆ ಸೇರಿಸಿಲ್ಲ ಎಂದು ಮೇಲೆ ಎರಡು ಸಾಲು ಕಾಮೆಂಟ್ ಬರೆದಿಡಿ, ಮುಂದೆ ನಿಮ್ಮಂತೆಯೇ ಕಾಳಜಿಯಿಂದ ಕೋಡ್ ಓದುವವರು ಅದನ್ನು ನೋಡಿ ಮುಂದೆ ಹೋಗುತ್ತಾರೆ.